ಹಾಸಿಗೆ ನೇಯ್ದವರು ಯಾರು? ವಯಸ್ಕರ ತರಬೇತಿಯಲ್ಲಿ ಪಾತ್ರಾಭಿನಯ ಮತ್ತು ರೂಪಕ ಬಳಸುವ ಬಗೆ

ತರಬೇತಿ ಕಾರ್ಯಕ್ರಮಗಳಲ್ಲಿ ಮಧ್ಯಾಹ್ನದ ಊಟದ ನಂತರ ಒಂದು ಕಿರುನಾಟಕ ಇಟ್ಟುಕೊಳ್ಳುವುದು ವಾಡಿಕೆ. ಯಾರೂ ತೂಕಡಿಸಬಾರದು ಎಂಬುದಷ್ಟೇ ಅದರ ಉದ್ದೇಶ. ನಾಲ್ವರು ಎದ್ದು ಕುಡುಕ ಗಂಡ, ಅಳುವ ಹೆಂಡತಿ, ಬಡ್ಡಿ ಸಾಹುಕಾರ, ಬುದ್ಧಿ ಹೇಳುವ ಮೇಷ್ಟ್ರು ಆಗುತ್ತಾರೆ. ಕೊನೆಗೆ ಎಲ್ಲರೂ ಸೇರಿ ಒಂದು ಘೋಷಣೆ ಕೂಗುತ್ತಾರೆ. ಚಪ್ಪಾಳೆ, ಆಮೇಲೆ ಚಹಾ. ಅದರಲ್ಲಿ ತಪ್ಪೇನಿಲ್ಲ, ಆದರೆ ಯಾರೂ ಹೊಸದಾಗಿ ಏನನ್ನೂ ಯೋಚಿಸಿರುವುದಿಲ್ಲ. ಉತ್ತರ ಮೊದಲೇ ಗೊತ್ತಿದ್ದ ಆಟ ಅದು.

ಇಲ್ಲಿ ಹೇಳಹೊರಟಿರುವುದು ಬೇರೆಯೇ ಕೆಲಸ. ವಯಸ್ಕರು ತರಬೇತಿಗೆ ಬರಿಗೈಯಲ್ಲಿ ಬರುವುದಿಲ್ಲ. ಇಪ್ಪತ್ತು ವರ್ಷ ಸಂಸಾರ ತೂಗಿಸಿದ ಹೆಣ್ಣುಮಗಳಿಗೆ ಹಣದ ಪಾಠ ಹೇಳಲು ಹೋಗುವವರಿಗೆ ಕೊಂಚ ಅಂಜಿಕೆ ಇರುವುದು ಒಳ್ಳೆಯದು. ಆದರೆ ಅನುಭವ ಇದ್ದ ಮಾತ್ರಕ್ಕೆ ಅದರಡಿಯ ನಂಬಿಕೆಗಳು ಕಣ್ಣಿಗೆ ಬೀಳುತ್ತವೆ ಎಂದಲ್ಲ. 'ಕಂತು ಕಟ್ಟಲಾಗದವಳು ದುಂದುಗಾರ್ತಿ', 'ಫೈನಾನ್ಸ್‌ನವರು ಹೇಳಿದ್ದೇ ನಿಯಮ', 'ಮನೆಯ ಮಾನ ಹೆಂಗಸಿನ ಕೈಯಲ್ಲಿ' ಎಂಬ ಮಾತುಗಳು ಎಷ್ಟು ಬಳಕೆಯಾಗಿವೆ ಎಂದರೆ ಅವು ಅಭಿಪ್ರಾಯಗಳು ಎಂದೇ ಯಾರಿಗೂ ಅನಿಸುವುದಿಲ್ಲ. ಅಂಥ ಮಾತನ್ನು ಎತ್ತಿಕೊಂಡು, ಇದು ನಿಜವೇ, ಇದರಿಂದ ಯಾರಿಗೆ ಅನುಕೂಲ, ಹೀಗೆಯೇ ಇರಬೇಕೇ ಎಂದು ಕೇಳಿಕೊಳ್ಳುವುದೇ ವಿಮರ್ಶಾತ್ಮಕ ಚಿಂತನೆ.

ಇದನ್ನು ನೇರವಾಗಿ ಕೇಳಿದರೆ ಜನ ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ, ಇಲ್ಲವೇ ನಮಗೆ ಹಿತವಾಗುವ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಪಾತ್ರ ಮತ್ತು ರೂಪಕ (ಒಂದನ್ನು ಇನ್ನೊಂದರ ಚಿತ್ರದಲ್ಲಿ ಹೇಳುವ ಮಾತು) ಬೇಕಾಗುವುದು ಇಲ್ಲಿಯೇ. ಇವೆರಡೂ ತನ್ನದೇ ಬದುಕನ್ನು ಒಂದು ಮಾರು ದೂರದಲ್ಲಿಟ್ಟು ನೋಡಲು ಅವಕಾಶ ಕೊಡುತ್ತವೆ. ಆ ದೂರವಿರುವಾಗ ನಡೆಯುವ ಮಾತುಕತೆಯೇ ನಿಜವಾದ ತರಬೇತಿ. ಆಟ ಅದಕ್ಕೆ ಪೀಠಿಕೆ.

ಎಲ್ಲ ವಿಷಯಕ್ಕೂ ಹೊಂದುವ ಸೂತ್ರ ಕೊಡುವ ಬದಲು ಒಂದೇ ವಿಷಯ ಹಿಡಿದು ಹೋಗುತ್ತೇನೆ: ಸ್ವಸಹಾಯ ಸಂಘದ ಮಹಿಳೆಯರೊಂದಿಗೆ ಕಿರುಸಾಲದ (ಅಡಮಾನವಿಲ್ಲದೆ ಕೊಡುವ ಸಣ್ಣ ಸಾಲ, ಮೈಕ್ರೋಫೈನಾನ್ಸ್) ಬಗ್ಗೆ ಒಂದು ದಿನದ ತರಬೇತಿ. ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕಿಂತ ಬಿಸಿಯಾದ ವಿಷಯ ಸದ್ಯಕ್ಕೆ ಕಡಿಮೆ.

ಹಿನ್ನೆಲೆ, ಬೇಕಾದಷ್ಟೇ

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಅವಧಿಯಲ್ಲಿ ಓದುಬರಹ ಕಲಿಸುವ ಪ್ರಯೋಗ ನಡೆಸಿದರು. ಅವರು ಅಕ್ಷರಮಾಲೆಯಿಂದ ಆರಂಭಿಸಲಿಲ್ಲ. ಕಲಿಯುವವರ ಬದುಕಿನದೇ ದೃಶ್ಯಗಳ ಚಿತ್ರ ತೋರಿಸಿ ಮೊದಲು ಮಾತನಾಡಿಸಿದರು. ಇಟ್ಟಿಗೆಯಂಥ ದಿನಬಳಕೆಯ ಪದದಿಂದ ಅಕ್ಷರಕ್ಕೆ ಬಂದರು. ಮರುವರ್ಷ ಸೇನೆ ಅಧಿಕಾರ ಹಿಡಿದಾಗ ಅವರನ್ನು ಸೆರೆಮನೆಗೆ ಹಾಕಿದರು, ಆಮೇಲೆ ದೇಶ ಬಿಡಬೇಕಾಯಿತು. ಓದುಬರಹ ಕಲಿಸಿದ್ದಕ್ಕೆ ಸರ್ಕಾರ ಇಷ್ಟು ಹೆದರಿತೆಂದರೆ ಆ ಮಾತುಕತೆಯ ಹರಿತವನ್ನು ಊಹಿಸಿಕೊಳ್ಳಬಹುದು. ಅವರದೇ ದೇಶದ ರಂಗಕರ್ಮಿ ಆಗಸ್ಟೋ ಬೋಲ್ 1973ರಲ್ಲಿ ಪೆರುವಿನ ಸಾಕ್ಷರತಾ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಾ, ಪ್ರೇಕ್ಷಕರೇ ರಂಗಕ್ಕೆ ಬಂದು ಕಥೆಯ ದಿಕ್ಕು ಬದಲಿಸುವ ರಂಗಪದ್ಧತಿಯನ್ನು ರೂಪಿಸಿದರು. ಪಾತ್ರಗಳನ್ನು ಅದಲುಬದಲು ಮಾಡುವ ತಂತ್ರಕ್ಕೆ ಅದಕ್ಕೂ ಮೊದಲೇ ವಿಯೆನ್ನಾದ ಮನೋವೈದ್ಯ ಜೇಕಬ್ ಮೊರೆನೊ ದಾರಿ ಹಾಕಿದ್ದರು.

ರೂಪಕದ ಕಡೆಯಿಂದ ಡೊನಾಲ್ಡ್ ಶೋನ್ ಎಂಬ ಅಮೆರಿಕದ ಚಿಂತಕ 1979ರಲ್ಲಿ ಹೇಳಿದ್ದು ನನ್ನ ಕೆಲಸಕ್ಕೆ ಬಹಳ ಒದಗಿದೆ. ನಗರದ ಬಡ ಕೇರಿಯನ್ನು 'ರೋಗ' ಎಂದು ಕರೆದರೆ ಪರಿಹಾರವೂ ಅದರಲ್ಲೇ ಬಂದುಬಿಡುತ್ತದೆ: ಕಿತ್ತುಹಾಕು. ಅದೇ ಕೇರಿಯನ್ನು ತಾನಾಗಿ ಬೆಳೆದ ಸಮುದಾಯ ಎಂದು ನೋಡಿದರೆ ಪರಿಹಾರ ಬದಲಾಗುತ್ತದೆ. ಅಂದರೆ ಸಮಸ್ಯೆಯನ್ನು ಯಾವ ರೂಪಕದಲ್ಲಿ ಹೇಳಿದೆವು ಎಂಬಲ್ಲಿಯೇ ಅರ್ಧ ತೀರ್ಪು ಆಗಿಹೋಗಿರುತ್ತದೆ.

ಇದೆಲ್ಲ ಹೊರಗಿನಿಂದ ಬಂದ ಸರಕು ಎಂದು ಹಿಂಜರಿಯಬೇಕಿಲ್ಲ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು ಇಂದು ಕರ್ಣನ ಪರವಾಗಿ, ನಾಳೆ ಕೃಷ್ಣನ ಪರವಾಗಿ ವಾದಿಸುತ್ತಾರೆ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ರಾತ್ರಿಯಿಡೀ ಹಾಡಿ ವಾದಿಸುವುದನ್ನು ಕೇಳಿದವರಿಗೆ, ತನ್ನದಲ್ಲದ ಪಕ್ಷವನ್ನು ತನ್ನ ಬಾಯಿಂದ ಆಡುವುದು ಎಂದರೇನು ಎಂದು ವಿವರಿಸುವ ಅಗತ್ಯವೇ ಇಲ್ಲ. ಗುಂಪು ಯಾವ ಸೀಮೆಯದೋ ಆ ಸೀಮೆಯ ಕಲೆಯ ಹೆಸರು ಹೇಳಿ ಆರಂಭಿಸಿ. 'ರೋಲ್‌ಪ್ಲೇ' ಎಂದು ಹಲಗೆಯ ಮೇಲೆ ಬರೆದರೆ ಅರ್ಧ ಜನ ಸೆಟೆದು ಕೂರುತ್ತಾರೆ.

ಹಂತ 1: ಮೊದಲು ಹೋಗಿ ಕೇಳಿಸಿಕೊಳ್ಳಿ

ತರಬೇತಿಗೆ ಒಂದೆರಡು ವಾರ ಮೊದಲು ಸಂಘದ ಸಭೆಗೆ ಹೋಗಿ ಸುಮ್ಮನೆ ಕುಳಿತುಕೊಳ್ಳಿ. ಸಂಘದ ಲೆಕ್ಕದ ಪುಸ್ತಕ ಬರೆಯುವವರಿಗೆ ಮುಂಚೆ ತಿಳಿಸಿದ್ದರೆ ಸಾಕು. ಅಲ್ಲಿ ಎರಡು ವಿಷಯ ಹುಡುಕಬೇಕು.

ಒಂದು, ಅವರೇ ಬಳಸುವ ರೂಪಕಗಳು. ಸಾಲದ ಬಗ್ಗೆ ಮಾತನಾಡುವಾಗ ಜನ ರೂಪಕವಿಲ್ಲದೆ ಮಾತನಾಡುವುದೇ ಇಲ್ಲ. ಹೊರೆ, ಸುಳಿ, ಕುಣಿಕೆ, ಶೂಲ. 'ಒಂದು ಗುಂಡಿ ಮುಚ್ಚಲು ಇನ್ನೊಂದು ಗುಂಡಿ ತೋಡಿದೆ' ಎಂದು ಯಾರೋ ಹೇಳುತ್ತಾರೆ. ಇವನ್ನು ಹೇಳಿದ ಹಾಗೆಯೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ನೀವು ಮನೆಯಲ್ಲಿ ಕುಳಿತು ಹೊಸೆದ ಚಂದದ ರೂಪಕ ಎಷ್ಟೇ ಸೊಗಸಾಗಿದ್ದರೂ ಅದು ನಿಮ್ಮದು. ಅದನ್ನು ಪರೀಕ್ಷಿಸಿದರೆ ನಿಮ್ಮ ನಂಬಿಕೆ ಪರೀಕ್ಷೆಯಾಗುತ್ತದೆ, ಅವರದಲ್ಲ.

ಎರಡು, ಮಾತು ನಿಂತುಹೋಗುವ ಜಾಗ. ಯಾವ ವಿಷಯ ಬಂದಾಗ ಎಲ್ಲರೂ ನೆಲ ನೋಡುತ್ತಾರೆ? ಯಾವ ಪ್ರಶ್ನೆಗೆ ಒಬ್ಬಳೇ ಉತ್ತರಿಸುತ್ತಾಳೆ? ದೃಶ್ಯ ಹುಟ್ಟಬೇಕಾದದ್ದು ಅಲ್ಲಿಂದ. ಒಳ್ಳೆಯ ದೃಶ್ಯದ ಲಕ್ಷಣ ಒಂದೇ: ಅದರಲ್ಲಿರುವ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಮಟ್ಟಿಗೆ ನ್ಯಾಯವಿರಬೇಕು. ಖಳನಾಯಕ ಇದ್ದರೆ ಯೋಚನೆಗೆ ಕೆಲಸವಿಲ್ಲ, ಬೈದು ಮುಗಿಸಬಹುದು.

ಹಂತ 2: ಗುಂಪು, ಜಾಗ, ಕರಾರು

ಹದಿನೈದರಿಂದ ಇಪ್ಪತ್ತು ಜನ ಸಾಕು. ನಲವತ್ತು ಮಂದಿಯನ್ನು ಕೂರಿಸಿದರೆ ಅದು ಸಭೆಯಾಗುತ್ತದೆ. ನೆಲದ ಮೇಲೆ ಒಂದೇ ವೃತ್ತವಾಗಿ, ನೀವೂ ಸೇರಿ. ಕುರ್ಚಿ ಇದ್ದರೆ ಎಲ್ಲರಿಗೂ ಇರಲಿ, ಇಲ್ಲವಾದರೆ ಯಾರಿಗೂ ಬೇಡ. ಜಾತಿಯ ಪ್ರಕಾರ ಜಾಗ ಹಂಚಿಕೊಂಡು ಕೂರುವುದು ಹಲವು ಊರುಗಳಲ್ಲಿ ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಅದನ್ನು ಎತ್ತಿ ಆಡುವ ಬದಲು, ಹುಟ್ಟಿದ ತಿಂಗಳ ಕ್ರಮದಲ್ಲಿ ಕೂರಿಸುವಂಥ ಒಂದು ನೆಪ ಹೂಡಿ ಜಾಗ ಬದಲಿಸಿ.

ಮೂರು ಕರಾರು ಮೊದಲೇ ಆಗಲಿ. ಇಲ್ಲಿ ಆಡಿದ್ದು ಹೊರಗೆ ಹೋಗಬಾರದು. ಯಾರೂ ಮೊಬೈಲ್‌ನಲ್ಲಿ ಚಿತ್ರೀಕರಿಸಬಾರದು (ಇದನ್ನು ಬಿಗಿಯಾಗಿಯೇ ಹೇಳಿ, ಆಟದ ತುಣುಕೊಂದು ವಾಟ್ಸ್‌ಆ್ಯಪ್‌ನಲ್ಲಿ ಗಂಡನ ಕೈಗೆ ಹೋದರೆ ಪರಿಣಾಮ ಅನುಭವಿಸುವವರು ನೀವಲ್ಲ). ಬೇಡವೆನಿಸಿದಾಗ ಯಾರು ಬೇಕಾದರೂ, ಕಾರಣ ಹೇಳದೆ, ಆಟದಿಂದ ಎದ್ದು ಬರಬಹುದು. ಬ್ಯಾಂಕಿನವರು, ಪಂಚಾಯಿತಿಯವರು 'ಸುಮ್ಮನೆ ನೋಡಲು' ಬಂದಿದ್ದರೆ ನಯವಾಗಿ ಚಹಾ ಕೊಟ್ಟು ಕಳುಹಿಸಿ.

ಹಂತ 3: ರೂಪಕವನ್ನು ನೆಲದ ಮೇಲೆ ಹಾಸಿ

ಬೆಳಗಿನ ಹೊತ್ತು ರೂಪಕಕ್ಕೆ ಇರಲಿ. ಆಟಕ್ಕಿಂತ ಇದು ಸಲೀಸು, ನಾಚಿಕೆ ಕಳೆಯುತ್ತದೆ. ಸಾಲದ ಮಾತು ಬಂದಾಗ ಯಾವ ಗುಂಪಿನಲ್ಲಾದರೂ ಯಾರಾದರೊಬ್ಬರು ಹೇಳಿಯೇ ಹೇಳುವ ಗಾದೆ 'ಹಾಸಿಗೆ ಇದ್ದಷ್ಟು ಕಾಲು ಚಾಚು'. ಹೇಳಿದ ತಕ್ಷಣ ಎಲ್ಲರೂ ತಲೆಯಾಡಿಸುತ್ತಾರೆ. ಚರ್ಚೆ ಮುಗಿದ ಹಾಗೆ. ನಮ್ಮ ಕೆಲಸ ಅಲ್ಲಿಂದ ಶುರು.

ಒಂದು ಚಾಪೆ ತಂದು ವೃತ್ತದ ನಡುವೆ ಹಾಸಿ. ಇದು ಒಂದು ಮನೆಯ ತಿಂಗಳ ಆದಾಯ ಎನ್ನಿ. ಈಗ ಕಾಲು ಯಾವುದು ಎಂದು ಕೇಳಿ. ಒಬ್ಬೊಬ್ಬರೂ ಒಂದೊಂದು ವಸ್ತು ತಂದಿಡಲಿ: ಸೀರೆಯ ಬದಲು ಕರವಸ್ತ್ರ, ಆಸ್ಪತ್ರೆಗೆ ಮಾತ್ರೆಯ ಖಾಲಿ ಹಾಳೆ, ಶಾಲೆಯ ಶುಲ್ಕಕ್ಕೆ ಪೆನ್ನು, ಕೊಳವೆಬಾವಿಗೆ ನೀರಿನ ಬಾಟಲಿ, ಮದುವೆಗೆ ಬಳೆ. ಓದುಬರಹ ಬಾರದವರೂ ಸಮಸಮವಾಗಿ ಸೇರಿಕೊಳ್ಳಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಚಾಪೆ ಬೇಗ ತುಂಬುತ್ತದೆ. ವಸ್ತುಗಳು ಅಂಚು ದಾಟಿ ನೆಲಕ್ಕೆ ಬರುತ್ತವೆ.

ಈಗ ನಿಧಾನವಾಗಿ, ಒಂದಾದ ಮೇಲೆ ಒಂದು, ಕೇಳಿ. ಇವುಗಳಲ್ಲಿ ಮಡಚಬಹುದಾದ ಕಾಲು ಯಾವುದು? ಸೀರೆಯನ್ನು ಮಡಚುತ್ತಾರೆ, ಬಳೆಯ ಮೇಲೆ ಜಗಳವಾಗುತ್ತದೆ, ಮಾತ್ರೆಯ ಹಾಳೆಯನ್ನು ಯಾರೂ ಮುಟ್ಟುವುದಿಲ್ಲ. ಈ ಹಾಸಿಗೆಯಲ್ಲಿ ಮಲಗುವವರು ಎಷ್ಟು ಜನ? ಚಳಿಯಲ್ಲಿ ಯಾರ ಕಾಲು ಮೊದಲು ಹೊರಗೆ ಹೋಗುತ್ತದೆ? ಹಾಸಿಗೆಯ ಅಳತೆ ತೆಗೆದವರು ಯಾರು? ಕೂಲಿ ಎಷ್ಟೆಂದು, ರಾಗಿಗೆ ಬೆಲೆ ಎಷ್ಟೆಂದು ಗೊತ್ತುಮಾಡಿದವರು ಈ ಕೋಣೆಯಲ್ಲಿ ಇದ್ದಾರೆಯೇ? ಇದನ್ನು ನೇಯ್ದವರು ಯಾರು?

ಕಡೆಯ ಪ್ರಶ್ನೆಯ ಬಳಿ ಅವಸರ ಬೇಡ. ಗಾದೆ ಕಾಲಿನ ಬಗ್ಗೆ ಮಾತ್ರ ಮಾತನಾಡುತ್ತದೆ, ಹಾಸಿಗೆಯನ್ನು ದೇವರು ಕೊಟ್ಟದ್ದೆಂಬಂತೆ ಬಿಟ್ಟುಬಿಡುತ್ತದೆ ಎಂಬುದನ್ನು ಅವರೇ ಕಾಣಬೇಕು. ನೀವು ಹೇಳಿದರೆ ಅದು ಭಾಷಣ.

ರೂಪಕವನ್ನು ಎಲ್ಲಿಯವರೆಗೆ ಎಳೆಯಬೇಕು? ಹರಿಯುವವರೆಗೆ. ಹರಿಯುವ ಜಾಗದಲ್ಲಿಯೇ ಕಲಿಕೆ ಹೆಚ್ಚು. ಸಾಲ ಎಂಬುದು ಈ ಚಿತ್ರದಲ್ಲಿ ಏನು ಎಂದು ಕೇಳಿ. 'ಎರವಲು ತಂದ ಇನ್ನೊಂದು ಚಾಪೆ' ಎಂಬ ಉತ್ತರ ಬಂದರೆ ಎರಡನೇ ಚಾಪೆ ತಂದು ಜೋಡಿಸಿ. ಆದರೆ ಅದು ಹಾಗೆಯೇ ಇರುತ್ತದೆಯೇ? ವಾರಕ್ಕೊಂದು ಗೇಣಿನಂತೆ ಮಡಚುತ್ತಾ ಬನ್ನಿ. ವರ್ಷದ ಕೊನೆಗೆ ಎರವಲು ಚಾಪೆ ಪೂರ್ತಿ ಮಡಚಿಹೋಗಿ, ಬಡ್ಡಿಗೆಂದು ಸ್ವಂತ ಚಾಪೆಯ ಅಂಚನ್ನೂ ಮಡಚಬೇಕಾಗುತ್ತದೆ. ಅದರಿಂದ ಹೊಲಿಗೆ ಯಂತ್ರ ಕೊಂಡವಳು ಇದ್ದರೆ ಅವಳ ಚಾಪೆ ಅಗಲವಾಗಿರಲೂಬಹುದು. ಅವಳು ಎದ್ದು ತನ್ನ ಲೆಕ್ಕ ಹೇಳಲಿ. ಸಾಲವೆಲ್ಲ ಕೆಟ್ಟದ್ದು ಎಂದು ಸಾಧಿಸಲು ನಾವು ಬಂದಿಲ್ಲ.

ಸಮಯ ಉಳಿದರೆ ಎದುರು ಗಾದೆ ಕೇಳಿ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಒಬ್ಬರು ಹೇಳಿದರೆ, ಕೆಸರಾದ ಕೈ ಯಾರದು, ಮೊಸರು ತಿಂದ ಬಾಯಿ ಯಾರದು ಎಂದು ಮತ್ತೊಬ್ಬರು ಕೇಳುವ ಹೊತ್ತಿಗೆ ಗುಂಪು ಪಳಗಿರುತ್ತದೆ.

ಹಂತ 4: ದೃಶ್ಯ ಮತ್ತು ಪಾತ್ರಗಳು

ಸಂಭಾಷಣೆ ಬರೆದುಕೊಡಬೇಡಿ. ಸನ್ನಿವೇಶ ಮಾತ್ರ ಕೊಡಿ. ಒಂದು ಮಾದರಿ ಇಲ್ಲಿದೆ.

ಬೆಳಿಗ್ಗೆ ಒಂಬತ್ತೂವರೆ, ಗುಂಪಿನ ನಾಯಕಿಯ ಮನೆಯ ಜಗಲಿ. ಕಿರುಸಾಲ ಕಂಪನಿಯ ವಾರದ ಸಭೆ. ಹತ್ತು ಜನರ ಗುಂಪಿನಲ್ಲಿ ಒಂಬತ್ತು ಜನ ಕಂತು ತಂದಿದ್ದಾರೆ, ಕಮಲಮ್ಮ ತಂದಿಲ್ಲ. ಒಬ್ಬಳ ಕಂತಿಗೆ ಎಲ್ಲರೂ ಹೊಣೆ, ಹಾಗಾಗಿ ಎಲ್ಲರ ಹಣ ಕೂಡುವವರೆಗೆ ಯಾರೂ ಏಳುವಂತಿಲ್ಲ.

ಪಾತ್ರಧಾರಿಗಳಿಗೆ ಮಾತ್ರ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಕಿವಿಯಲ್ಲಿ ಹೇಳಬೇಕಾದ ಗುಟ್ಟುಗಳು:

ನಾಯಕಿಗೆ: ಮಗಳ ನರ್ಸಿಂಗ್ ಶುಲ್ಕಕ್ಕೆ ನಿನ್ನ ಹೊಸ ಸಾಲ ಮುಂದಿನ ವಾರ ಮಂಜೂರಾಗಬೇಕು. ಗುಂಪಿನಲ್ಲಿ ಬಾಕಿ ಕಂಡರೆ ಅದು ನಿಲ್ಲುತ್ತದೆ.

ವಸೂಲಿಗಾರನಿಗೆ: ನಿನಗೆ ಇಪ್ಪತ್ತಾರು ವರ್ಷ, ಬೇರೆ ತಾಲ್ಲೂಕಿನವನು. ಮಧ್ಯಾಹ್ನದೊಳಗೆ ಇನ್ನೂ ಎರಡು ಊರು ಮುಗಿಸಬೇಕು. ಒಂದು ಕಂತು ಕಡಿಮೆಯಾದರೂ ಶಾಖೆಯಲ್ಲಿ ಎಲ್ಲರ ಮುಂದೆ ಉತ್ತರ ಕೊಡಬೇಕು.

ಕಮಲಮ್ಮನಿಗೆ: ಹೋದ ವಾರ ಪಕ್ಕದ ಮನೆಯಾಕೆಯ ಕಂತನ್ನೂ ನೀನೇ ಕಟ್ಟಿದ್ದೆ. ಈ ವಾರ ಆಕೆ ಹಿಂದಿರುಗಿಸಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೀಯೆ.

ಪಕ್ಕದ ಮನೆಯಾಕೆಗೆ: ಆ ಸಾಲದ ವಿಷಯ ನಿನ್ನ ಗಂಡನಿಗೆ ಗೊತ್ತಿಲ್ಲ. ನಾಯಕಿಗೆ ತಿಳಿದರೆ ಸಂಜೆಯೊಳಗೆ ಊರಿಗೇ ತಿಳಿಯುತ್ತದೆ.

ಗುಟ್ಟುಗಳೇ ಆಟದ ಜೀವ. ನಾಲ್ವರಿಗೂ ಒಂದೊಂದು ಕಾರಣವಿದೆ, ಒಬ್ಬರ ಕಾರಣ ಇನ್ನೊಬ್ಬರಿಗೆ ಗೊತ್ತಿಲ್ಲ. ಬದುಕಿನಲ್ಲಿ ನಡೆಯುವುದೂ ಹೀಗೆಯೇ.

ಪಾತ್ರ ಹಂಚುವಾಗ ಎಚ್ಚರ ಬೇಕು. ನಿಜವಾಗಿಯೂ ಬಾಕಿ ಉಳಿಸಿಕೊಂಡಿರುವ ಮಹಿಳೆಗೆ ಕಮಲಮ್ಮನ ಪಾತ್ರ ಎಂದೂ ಕೊಡಬೇಡಿ. ಬೈಸಿಕೊಳ್ಳುವ ಪಾತ್ರ ಪದೇ ಪದೇ ದಲಿತ ಮಹಿಳೆಯ ಪಾಲಿಗೆ, ಗದರುವ ಪಾತ್ರ ಪದೇ ಪದೇ ಗೌಡರ ಮನೆಯವರ ಪಾಲಿಗೆ ಬರುತ್ತಿದ್ದರೆ ನೀವು ಆಟ ಆಡಿಸುತ್ತಿಲ್ಲ, ಊರನ್ನೇ ಮತ್ತೊಮ್ಮೆ ನಡೆಸುತ್ತಿದ್ದೀರಿ. ಊರಿನಲ್ಲಿ ಕಮಲಮ್ಮ ಎಂಬವರು ಇದ್ದರೆ ಹೆಸರು ಬದಲಿಸಿ.

ಉಳಿದವರು ಪ್ರೇಕ್ಷಕರಾಗಿ ಸುಮ್ಮನೆ ಕೂರಬಾರದು. ಐವರು ಗುಂಪಿನ ಇತರ ಸದಸ್ಯೆಯರಾಗಿ ಜಗಲಿಯಲ್ಲಿ ಕೂರಲಿ. ಇಬ್ಬರ ಕೈಗೆ ಒಂದು ಬೊಗಸೆ ಹುಣಸೆ ಬೀಜ ಕೊಟ್ಟು, ಮುಂದೆ ನಾಲ್ಕು ಬಟ್ಟಲು ಇಡಿ: ನಾಯಕಿಗೊಂದು, ವಸೂಲಿಗಾರನಿಗೊಂದು, ಕಮಲಮ್ಮನಿಗೊಂದು, ಉಳಿದೆಲ್ಲರಿಗೆ ಸೇರಿ ಒಂದು. ಯಾರು ಬಾಯಿ ತೆರೆದರೂ ಅವರ ಬಟ್ಟಲಿಗೆ ಒಂದು ಬೀಜ. ಯಾಕೆ ಎಂದು ಈಗ ಹೇಳಬೇಡಿ.

ಹಂತ 5: ಆಟ

ಏಳೆಂಟು ನಿಮಿಷ ಸಾಕು. ಮೊದಲ ಎರಡು ನಿಮಿಷ ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಾರೆ, ನಗಲಿ. ಆಮೇಲೆ ಯಾರೋ ಒಬ್ಬಳು ನಿಜವಾಗಿ ಸಿಟ್ಟಾಗುತ್ತಾಳೆ, ಆಟ ಅಲ್ಲಿ ಕಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ನಾಯಕಿ. 'ನಿನ್ನೊಬ್ಬಳಿಂದ ಇಷ್ಟು ಜನ ಕೂಲಿ ಬಿಟ್ಟು ಕುಳಿತಿದ್ದೇವೆ, ನಾಚಿಕೆಯಾಗುವುದಿಲ್ಲವೇ?' ಎಂದು ಶುರುವಾದರೆ ಜಗಲಿಯ ಉಳಿದವರೂ ದನಿಗೂಡಿಸುತ್ತಾರೆ. ಕಮಲಮ್ಮ ಪಕ್ಕದ ಮನೆಯಾಕೆಯ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಾಳೆ. ವಸೂಲಿಗಾರ ತನ್ನ ಟ್ಯಾಬ್‌ನಲ್ಲಿ ಏನೋ ಬರೆಯುತ್ತಾ ಕುಳಿತಿರುತ್ತಾನೆ.

ಮಾತು ತಾರಕಕ್ಕೆ ಏರಿದಾಗ, ಪರಿಹಾರ ಸಿಗುವ ಮೊದಲು, ಕೈತಟ್ಟಿ ನಿಲ್ಲಿಸಿ. ಎಲ್ಲರೂ ಇದ್ದ ಭಂಗಿಯಲ್ಲೇ ಇರಲಿ. ಪಾತ್ರಧಾರಿಗಳ ಭುಜ ಮುಟ್ಟಿ, 'ಈಗ ನಿನ್ನ ಮನಸ್ಸಿನಲ್ಲಿ ಏನು ಓಡುತ್ತಿದೆ?' ಎಂದು ಕೇಳಿ. ಬಾಯಿಂದ ಬರದೆ ಉಳಿದದ್ದು ಆಗ ಹೊರಬರುತ್ತದೆ. 'ಇವಳನ್ನು ಬೈಯುವ ಮನಸ್ಸಿಲ್ಲ, ಮಗಳ ಶುಲ್ಕ ಕಣ್ಣ ಮುಂದೆ ಬರುತ್ತಿದೆ' ಎಂದು ನಾಯಕಿ ಹೇಳಿದ ಮೇಲೆ ಅವಳು ಬರೀ ಗಟ್ಟಿಗಿತ್ತಿಯಾಗಿ ಉಳಿಯುವುದಿಲ್ಲ.

ಆಮೇಲೆ ಅದಲುಬದಲು. ನಾಯಕಿಯಾಗಿದ್ದವಳು ಕಮಲಮ್ಮನ ಜಾಗದಲ್ಲಿ, ಕಮಲಮ್ಮ ವಸೂಲಿಗಾರನ ಜಾಗದಲ್ಲಿ. ಅದೇ ದೃಶ್ಯ ಮತ್ತೆ ಮೂರು ನಿಮಿಷ. ಮೂರನೇ ಸುತ್ತಿನಲ್ಲಿ ನೋಡುತ್ತಿದ್ದವರಿಗೆ ಅವಕಾಶ: ಯಾರಾದರೂ 'ನಿಲ್ಲಿಸಿ' ಎಂದು ಕೂಗಿ, ಒಂದು ಪಾತ್ರವನ್ನು ತಾನೇ ವಹಿಸಿಕೊಂಡು ಬೇರೆ ರೀತಿ ಆಡಿ ತೋರಿಸಬಹುದು. ವಸೂಲಿಗಾರನ ಮನಸ್ಸು ಕರಗಿ ಸಾಲ ಮನ್ನಾ ಆಗುವಂಥ ಪವಾಡಗಳನ್ನು ಒಪ್ಪಬೇಡಿ. 'ಇದು ನಿಜವಾಗಿ ನಡೆಯುತ್ತದೆಯೇ?' ಎಂದು ಗುಂಪನ್ನೇ ಕೇಳಿದರೆ ಅವರೇ ನಕ್ಕು ತಳ್ಳಿಹಾಕುತ್ತಾರೆ.

ಹಂತ 6: ಪಾತ್ರ ಕಳಚುವುದು

ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪಾತ್ರಧಾರಿ ಎದ್ದು ನಿಂತು, 'ನಾನು ಕಮಲಮ್ಮ ಅಲ್ಲ' ಎಂದು ತನ್ನ ಹೆಸರು, ತನ್ನ ಮನೆಯವರ ಹೆಸರು ಹೇಳಿ, ಬೇರೆ ಜಾಗಕ್ಕೆ ಹೋಗಿ ಕೂರಲಿ. ಮುಖ ತೊಳೆದು ಬರಲಿ, ನೀರು ಕುಡಿಯಲಿ. ಮುಂದಿನ ಮಾತುಕತೆಯಲ್ಲಿ 'ನೀನು ಬೈದೆ' ಎನ್ನದೆ 'ನಾಯಕಿ ಬೈದಳು' ಎಂದೇ ಹೇಳಬೇಕು. ಮರೆತು ಹೇಳಿದವರನ್ನು ಪ್ರತಿ ಸಲವೂ ತಿದ್ದಿ.

ಹಂತ 7: ಮಾತುಕತೆ

ಆಟಕ್ಕೆ ಇಪ್ಪತ್ತು ನಿಮಿಷ ಹಿಡಿದಿದ್ದರೆ ಇದಕ್ಕೆ ಒಂದೂವರೆ ಗಂಟೆಯಾದರೂ ಇಡಿ. ಬಹುತೇಕ ತರಬೇತಿಗಳು ಇಲ್ಲಿಯೇ ಸೋಲುತ್ತವೆ: ಆಟ ಚೆನ್ನಾಗಿ ಬಂತು ಎಂಬ ಖುಷಿಯಲ್ಲಿ ತರಬೇತುದಾರರು ಎದ್ದು ನಿಂತು ಸಾರಾಂಶ ಹೇಳಿಬಿಡುತ್ತಾರೆ.

ಮೊದಲ ಸುತ್ತಿನಲ್ಲಿ ಕಂಡದ್ದು ಮಾತ್ರ. ಏನು ನಡೆಯಿತು? ಯಾರು ಮೊದಲು ದನಿ ಏರಿಸಿದರು? ಯಾರು ಎದ್ದು ನಿಂತರು? ಅಭಿಪ್ರಾಯ ಬೇಡ. ಈಗ ಬಟ್ಟಲುಗಳನ್ನು ನಡುವೆ ತಂದು ಬೀಜ ಎಣಿಸಿ. ನಾಯಕಿಯ ಬಟ್ಟಲು ತುಂಬಿರುತ್ತದೆ, ಉಳಿದವರದೂ ಅಷ್ಟೇ. ವಸೂಲಿಗಾರನ ಬಟ್ಟಲಿನಲ್ಲಿ ಬೆರಳೆಣಿಕೆಯಷ್ಟು. ಕೋಣೆ ಒಂದು ಕ್ಷಣ ಸುಮ್ಮನಾಗುವುದು ಇಲ್ಲಿ. ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ.

ಎರಡನೇ ಸುತ್ತು: ವಸೂಲಿಗಾರ ಯಾಕೆ ಮಾತನಾಡಬೇಕಾಗಲಿಲ್ಲ? ಅವನ ಕೆಲಸವನ್ನು ಅವನ ಬದಲು ಯಾರು ಮಾಡಿದರು? ಒಬ್ಬಳ ಕಂತಿಗೆ ಎಲ್ಲರೂ ಹೊಣೆ ಎಂಬ ನಿಯಮ ಇಲ್ಲದಿದ್ದರೆ ನಾಯಕಿ ಕಮಲಮ್ಮನಿಗೆ ಏನು ಹೇಳುತ್ತಿದ್ದಳು? ಹೀಗೆ ಪ್ರಶ್ನೆಯನ್ನು ವ್ಯಕ್ತಿಯಿಂದ ವ್ಯವಸ್ಥೆಯ ಕಡೆಗೆ ತಿರುಗಿಸುವುದೇ ಈ ಇಡೀ ದಿನದ ತಿರುಳು. ಆದರೆ ತಿರುಗಿಸಿ ಕೈಬಿಡಬೇಕು. 'ಜಾಮೀನು ಇಲ್ಲದ ನಮಗೆ ಒಬ್ಬರಿಗೊಬ್ಬರು ಹೊಣೆಯಾಗಿದ್ದಕ್ಕೇ ಸಾಲ ಸಿಕ್ಕಿದ್ದು. ಊರಿನ ಸಾಹುಕಾರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಕೇಳುತ್ತಿದ್ದ' ಎಂದು ಒಬ್ಬಳು ಹೇಳುತ್ತಾಳೆ. ಆಕೆಯ ಮಾತಿನಲ್ಲಿ ಹುರುಳಿದೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಅದಕ್ಕೆ ಎದುರಾಗಿ ಇನ್ನೊಬ್ಬಳು ಗುಂಪು ಒಡೆದ ಕಥೆ ಹೇಳುತ್ತಾಳೆ. ಎರಡೂ ನಿಲ್ಲಲಿ. ನಿಮ್ಮ ತೀರ್ಮಾನಕ್ಕೆ ಅವರನ್ನು ತಂದು ನಿಲ್ಲಿಸುವುದು ವಿಮರ್ಶಾತ್ಮಕ ಚಿಂತನೆಯಲ್ಲ, ಕೊಂಚ ಜಾಣತನದ ಪ್ರಚಾರ.

ಮೂರನೇ ಸುತ್ತಿನಲ್ಲಿ ಬೆಳಗಿನ ಚಾಪೆಯನ್ನು ಮತ್ತೆ ಹಾಸಿ, ಕಮಲಮ್ಮನ ಕಥೆಯನ್ನು ಅದರ ಮೇಲೆ ಇಡಲು ಹೇಳಿ. ಅವಳು ಕಾಲು ಹೆಚ್ಚು ಚಾಚಿದಳೇ? ಪಕ್ಕದ ಮನೆಯಾಕೆಗೆ ಕೊಟ್ಟ ಹಣ ಇಲ್ಲಿ ಏನು? ಗಾದೆಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಹೊಸ ಗಾದೆ ಕಟ್ಟಿ ಎನ್ನಿ. ನಗುನಗುತ್ತಾ ಕಟ್ಟುತ್ತಾರೆ, ಕೆಲವು ನಿಜಕ್ಕೂ ಹರಿತವಾಗಿರುತ್ತವೆ.

ಹಂತ 8: ಮಾಹಿತಿಯ ಸರದಿ ಈಗ

ನಿಯಮ, ಕಾನೂನು, ಲೆಕ್ಕ ಎಲ್ಲವನ್ನೂ ಬೆಳಿಗ್ಗೆಯೇ ಪರದೆಯ ಮೇಲೆ ತೋರಿಸಿಬಿಡುವವರು ಇದ್ದಾರೆ. ಪ್ರಶ್ನೆ ಹುಟ್ಟುವ ಮೊದಲೇ ಬಂದ ಉತ್ತರ ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. 'ಹಾಗಾದರೆ ನಿಯಮ ಏನಿದೆ?' ಎಂದು ಅವರೇ ಕೇಳಿದ ಮೇಲೆ ಚುಟುಕಾಗಿ ಹೇಳಿ.

ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಕಿರುಸಾಲ ಎಂದರೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50 ದಾಟಬಾರದು. ಸಾಲದ ಕಾರ್ಡ್ (ಸಾಲದ ವಿವರ ಬರೆದುಕೊಡುವ ಚೀಟಿ) ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಬಲವಂತದ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನನ್ನೂ ತಂದಿದೆ. ಅದರಲ್ಲಿ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಒಂದು ಲೆಕ್ಕವನ್ನು ಮಾತ್ರ ಕೂಡಿಯೇ ಮಾಡಿ. 30,000 ರೂಪಾಯಿ ಸಾಲ, ಒಂದು ವರ್ಷ, ಪೂರ್ತಿ ಅಸಲಿನ ಮೇಲೆ ಶೇ 12 ಬಡ್ಡಿ. ಒಟ್ಟು 33,600, ವಾರಕ್ಕೆ ಸುಮಾರು 646. ಶೇ 12 ಎಂದರೆ ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆರು ತಿಂಗಳಾಗುವ ಹೊತ್ತಿಗೆ ಕೈಯಲ್ಲಿ ಉಳಿದಿರುವ ಅಸಲು ಅರ್ಧ, ಬಡ್ಡಿ ಮಾತ್ರ ಪೂರ್ತಿಯ ಮೇಲೆ. ಹಾಗಾಗಿ ನಿಜವಾದ ದರ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಮಡಚುತ್ತಾ ಬಂದ ಚಾಪೆಯನ್ನು ತೋರಿಸಿದರೆ ಶೇಕಡಾವಾರು ಬಾರದವರಿಗೂ ಇದು ತಿಳಿಯುತ್ತದೆ.

ಹಂತ 9: ಒಂದು ಹೆಜ್ಜೆ, ಒಂದೇ

ದಿನದ ಕೊನೆಗೆ ಹತ್ತು ನಿರ್ಣಯ ಬರೆಸಿಕೊಳ್ಳಬೇಡಿ. ಮುಂದಿನ ಸಭೆಯೊಳಗೆ ನಿಜವಾಗಿ ಮಾಡಬಹುದಾದ ಒಂದನ್ನು ಗುಂಪೇ ಆರಿಸಲಿ. ಎಲ್ಲರ ಸಾಲದ ಕಾರ್ಡ್ ತಂದು ಒಟ್ಟಿಗೆ ಓದುವುದು. ಕಂತು ತಪ್ಪಿದವಳೊಂದಿಗೆ ಸಭೆಗೆ ಮೊದಲೇ ಇಬ್ಬರು ಹೋಗಿ ಮಾತನಾಡುವುದು. ಸಂಘದ ಉಳಿತಾಯದಲ್ಲಿ ತುರ್ತಿಗೆಂದು ಸ್ವಲ್ಪ ಹಣ ತೆಗೆದಿಡುವುದು. ಯಾವುದಾದರೂ ಸರಿ, ಅವರದಾಗಿರಬೇಕು. ಏನೂ ಆರಿಸದೆ, 'ಇನ್ನೊಮ್ಮೆ ಕೂತು ಮಾತನಾಡಬೇಕು' ಎಂದರೆ ಅದನ್ನೂ ಒಂದು ಹೆಜ್ಜೆ ಎಂದೇ ಎಣಿಸಿ.

ಕೈಮೀರುವ ಸಂದರ್ಭಗಳು

ಅಳು ಬರುತ್ತದೆ. ಬಂದಾಗ ಆಟ ನಿಲ್ಲಿಸಿ, ಆ ಮಹಿಳೆಯ ಬಳಿ ಒಬ್ಬ ಗೆಳತಿ ಕೂರಲಿ, ಉಳಿದವರು ಹೊರಗೆ ಹೋಗಿ ಬರಲಿ. ಕಾರಣ ಕೇಳಿ ಎಲ್ಲರ ಮುಂದೆ ಬಿಡಿಸಬೇಡಿ. ಪಾತ್ರಾಭಿನಯ ಗೊತ್ತಿರುವುದರಿಂದ ನಾವು ಮನೋವೈದ್ಯರಾಗುವುದಿಲ್ಲ. ಸಾಲದ ಕಾಟದಿಂದ ಜೀವ ಕಳೆದುಕೊಂಡವರ ಮನೆಯವರು ಗುಂಪಿನಲ್ಲಿ ಇದ್ದರೆ ಈ ದೃಶ್ಯವನ್ನೇ ಕೈಬಿಡಿ, ಚಾಪೆಯ ಕೆಲಸ ಮಾತ್ರ ಮಾಡಿ. ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416 ಮತ್ತು ಮಹಿಳಾ ಸಹಾಯವಾಣಿ 181 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಯಾರೂ ಪಾತ್ರ ವಹಿಸಲು ಒಪ್ಪದಿದ್ದರೆ ಒತ್ತಾಯ ಬೇಡ. ನಾಲ್ಕು ಖಾಲಿ ಮಣೆಗಳನ್ನು ಇಟ್ಟು, 'ಈ ಮಣೆಯ ಮೇಲೆ ಕುಳಿತವಳು ಏನೆನ್ನುತ್ತಾಳೆ?' ಎಂದು ಕೇಳಿ. ಕುಳಿತಲ್ಲಿಂದಲೇ ಮಾತು ಬರುತ್ತದೆ, ಸ್ವಲ್ಪ ಹೊತ್ತಿಗೆ ಯಾರೋ ಎದ್ದು ಬಂದು ಕೂರುತ್ತಾರೆ. ಒಬ್ಬಳೇ ಎಲ್ಲ ಮಾತನ್ನೂ ಆಡುತ್ತಿದ್ದರೆ ಅವಳ ಕೈಗೆ ಹುಣಸೆ ಬೀಜ ಕೊಡಿ, ಎಣಿಸುವ ಕೆಲಸದಲ್ಲಿ ಬಾಯಿ ತಾನಾಗಿ ಮುಚ್ಚುತ್ತದೆ.

ಬೇರೆ ಗುಂಪುಗಳಿಗೆ

ಇದೇ ಕ್ರಮ ಬ್ಯಾಂಕ್ ಸಿಬ್ಬಂದಿಗೂ, ಕಿರುಸಾಲ ಕಂಪನಿಯ ವಸೂಲಿಗಾರರಿಗೂ, ಗ್ರಾಮ ಪಂಚಾಯಿತಿ ಸದಸ್ಯರಿಗೂ ಹೊಂದುತ್ತದೆ. ಎರಡು ಬದಲಾವಣೆ ಬೇಕು. ನೌಕರರ ಗುಂಪಿನಲ್ಲಿ ಮೇಲಧಿಕಾರಿ ಕೋಣೆಯಲ್ಲಿರಬಾರದು. ಇದ್ದರೆ ಎಲ್ಲ ಪಾತ್ರಗಳೂ ಅವರಿಗಾಗಿಯೇ ನಟಿಸುತ್ತವೆ. ಮತ್ತು ರೂಪಕ ಅವರ ಬಾಯಿಂದಲೇ ಬರಬೇಕು: ವಸೂಲಿಗಾರರು ತಮ್ಮ ದಿನವನ್ನು ಓಟವೆಂದು, ಬೇಟೆಯೆಂದು, ಯುದ್ಧವೆಂದು ಹೇಳಿಕೊಳ್ಳುತ್ತಾರೆ. ಬೇಟೆ ಎಂದರೆ ಓಡುತ್ತಿರುವವರು ಯಾರು, ಹಿಂದಿನಿಂದ ಓಡಿಸುತ್ತಿರುವವರು ಯಾರು ಎಂಬಲ್ಲಿಂದ ಆರಂಭಿಸಬಹುದು. ಇಂಥ ಗುಂಪಿನಲ್ಲಿ ಜಗಲಿಯ ದೃಶ್ಯವನ್ನೇ ಇಟ್ಟುಕೊಂಡು, ವಸೂಲಿಗಾರನ ಪಾತ್ರ ಮಾತ್ರ ಯಾವ ವಸೂಲಿಗಾರನಿಗೂ ಕೊಡದೆ ಶಾಖೆಯ ಲೆಕ್ಕಿಗನಿಗೆ ಕೊಡಿ. ಅರ್ಧ ದಿನದಲ್ಲಿ ಮುಗಿಸಿಕೊಡಿ ಎಂದು ಸಂಸ್ಥೆಯವರು ಕೇಳಿದರೆ ಬೆಳಗಿನ ರೂಪಕವನ್ನು ಅರ್ಧ ಗಂಟೆಗೆ ಇಳಿಸಿ, ಆಟದ ಎರಡನೇ ಸುತ್ತನ್ನು ಬಿಡಿ. ಮಾತುಕತೆಯ ಒಂದೂವರೆ ಗಂಟೆಯಲ್ಲಿ ಮಾತ್ರ ಒಂದು ನಿಮಿಷವನ್ನೂ ಬಿಟ್ಟುಕೊಡಬೇಡಿ.